ಕ್ಲೈಮ್ಯಾಕ್ಸ್ ಬಾಯಿಬಿಟ್ಟವರ ಹಾಗೂ ಲೋಲಾಕ್ಷಿಯವರ ಹೆಸರಿನ ಬಗ್ಗೆ

ಗೋಪ್ಯಪಾಲನಾ ವಿಭಾಗ
ಚಿತ್ರೀಕರಣ ಶಿಬಿರ, ಸಿದ್ಧಕಟ್ಟೆ

ಸಂಖ್ಯೆ: ಗೋಪಾವಿ/ಸೋರಿಕೆ/ತುರ್ತು/9/2025

ವಿಷಯ: ನಮ್ಮ ಸಿನಿಮಾದ ಕ್ಲೈಮ್ಯಾಕ್ಸ್ ವಿಟ್ಲದ ಬಸ್ಸಿನಲ್ಲಿ ಕೇಳಿಬಂದ ಬಗ್ಗೆ.

ಉಲ್ಲೇಖ: ವಸ್ತ್ರ ವಿಭಾಗದ ಶ್ರೀಮತಿ ಲೋಲಾಕ್ಷಿಯವರನ್ನು ಮನೆಗೆ ಕಳುಹಿಸಿದ ಹಿಂದಿನ ಸುತ್ತೋಲೆ.

ಖಳನಾಯಕನು ನಾಯಕಿಯ ಸೋದರಮಾವನೇ ಎಂಬ ಪರಮ ಗುಟ್ಟು ಊರ ಬಾಯಿಗೆ ಬಿದ್ದಿರುತ್ತದೆ. ಕೊನೆಯ ದೃಶ್ಯದ ಉಡುಪು ಹೊಲಿಯುವವರಿಗೆ ಕಥೆಯ ಕೊನೆಯೂ ಗೊತ್ತಿರಲೇಬೇಕೆಂದು ತರ್ಕಿಸಿ, ತೆರೆಯ ಮೇಲೆ ಮೊದಲ ಬಾರಿಗೆ ಬರಬೇಕಿದ್ದ ಲೋಲಾಕ್ಷಿಯವರ ಹೆಸರನ್ನು ಅಳಿಸಲಾಗಿತ್ತು. ಸುತ್ತೋಲೆ ಕೈಸೇರಿದಾಗ ಅವರು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು, ಮಿಷಿನಿಗೆ ಬಟ್ಟೆ ಹೊದಿಸಿ, “ಹೆಸರು ಬರ್ತದೆ ಅಂತ ಇಡೀ ಬೆಳ್ತಂಗಡಿಗೆ ಹೇಳಿ ಆಗಿದೆ ಮಾರಾಯ್ರೇ. ಇನ್ನು ನಾನು ಯಾವ ಮುಖದಲ್ಲಿ ಸಂತೆಗೆ ಹೋಗುವುದು?” ಎಂದು ಕೇಳಿರುತ್ತಾರೆ. ಇದಕ್ಕೆ ಉತ್ತರ ಸದರಿ ಸುತ್ತೋಲೆಯಲ್ಲಿ ಇರಲಿಲ್ಲವಾದ್ದರಿಂದ ತನಿಖೆ ನಡೆಸಿ, ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

1. ಮುಹೂರ್ತದ ದಿನ ದೈವದ ಗುಡಿಯೆದುರು ಪ್ರಾರ್ಥಿಸುವಾಗ, ದೈವಕ್ಕೆ ಏನನ್ನೂ ಮುಚ್ಚಿಡಬಾರದೆಂಬ ಭಯಭಕ್ತಿಯಿಂದ ನಿರ್ಮಾಪಕರಾದ ಶ್ರೀ ವಿಮಲಕುಮಾರರು ಇಡೀ ಕಥೆಯನ್ನು ಸೋದರಮಾವನ ಸಮೇತ ಒಪ್ಪಿಸಿರುವುದು ಕಂಡುಬಂದಿದೆ. ಆಗ ಅವರ ಕೈಯಲ್ಲಿ ಮೈಕ್ ಇತ್ತು. ನೆರೆದವರು ಕೈಮುಗಿದುಕೊಂಡೇ ಕೇಳಿರುತ್ತಾರೆ.

2. ನಿರ್ಮಾಪಕರ ಬಾಯಿಂದ ಹೊರಬಂದದ್ದನ್ನು ಸೋರಿಕೆ ಎನ್ನತಕ್ಕದ್ದಲ್ಲ, ಪ್ರಚಾರ ಎನ್ನತಕ್ಕದ್ದು.

3. ಇನ್ನು ಮುಂದೆ ಪ್ರಾರ್ಥನೆಯು ಮಧ್ಯಂತರದವರೆಗೆ ಮಾತ್ರ. ಮುಂದಿನದ್ದು ದೈವಕ್ಕೆ ಮೊದಲೇ ತಿಳಿದಿದೆಯೆಂದು ಭಾವಿಸತಕ್ಕದ್ದು.

4. ಅಧಿಕೃತ ಸೋರಿಕೆಯನ್ನು ಮಂಗಳವಾರ ಸಂಜೆ ಚಹಾದ ನಂತರ ಮಾಡಲಾಗುವುದು. ಸೋರಲಿರುವ ನಾಯಕರ ಹೊಸ ಗಡ್ಡದ ಚಿತ್ರವು ಕದ್ದು ತೆಗೆದಂತೆ ಕಾಣುವಷ್ಟು ಮಸುಕಾಗಿರದಿದ್ದಲ್ಲಿ ಮೊಬೈಲ್ ಕ್ಯಾಮೆರಾಕ್ಕೆ ತೆಂಗಿನೆಣ್ಣೆ ಸವರತಕ್ಕದ್ದು. ಚಿತ್ರ ಹರಡಿದ ಮೇಲೆಯೇ ವಿಭಾಗವು ತೀವ್ರವಾಗಿ ಖಂಡಿಸುವುದು. ಕಳೆದ ವಾರದಂತೆ ಖಂಡನೆ ಮೊದಲು ಹೋಗಿ, ಚಿತ್ರ ಆಮೇಲೆ ಹೋಗಕೂಡದು.

5. ಪತ್ರಿಕೆಗಳಲ್ಲಿ ಬರುವ ‘ಆಪ್ತ ಮೂಲ’ದ ಹುದ್ದೆಗೆ ವ್ಯಾನ್ ಚಾಲಕ ರುಕ್ಮಯ್ಯನವರನ್ನು ನೇಮಿಸಲಾಗಿದೆ. ಮೂಡುಬಿದಿರೆಯ ಸಿನಿಮಾ ವರದಿಗಾರ್ತಿ ಸುರಕ್ಷಾ ಅವರು “ರುಕ್ಮಯ್ಯಣ್ಣ, ಎಂತ ವಿಶೇಷ ಉಂಟು?” ಎಂದು ಕೇಳಿದ್ದಕ್ಕೆ “ನನಗೆಂತ ಗೊತ್ತು ಮಾರಾಯ್ತಿ! ಡೀಸೆಲ್ ಖಾಲಿಯಾಗಿ ಗಾಡಿ ನಿಂತುಂಟು” ಎಂದು ಅವರು ಕೊಟ್ಟ ಉತ್ತರವು, ಮಾರನೆಯ ದಿನ ‘ಅರ್ಧಕ್ಕೇ ನಿಂತಿತೇ ಬಹುನಿರೀಕ್ಷಿತ ಚಿತ್ರ?’ ಎಂದು ಪ್ರಕಟವಾಗಿದೆ. ಆದ್ದರಿಂದ ಆಪ್ತ ಮೂಲವು ಟ್ಯಾಂಕ್ ತುಂಬಿಸಿಕೊಂಡ ನಂತರವೇ ಮಾತನಾಡತಕ್ಕದ್ದು.

6. ತನಿಖೆಯ ವೇಳೆ ನೆರಿಯ ಗ್ರಾಮದ ಅಜ್ಜಿಯೊಬ್ಬರು, “ಕೊನೆ ಗೊತ್ತಾದರೆ ಏನಾಯ್ತು ಮಗಾ? ಒಂದೇ ಕಥೆಗೆ ನಾನು ದಿನಾ ಅಳ್ತಿದ್ದೆ” ಎಂದಿದ್ದಾರೆ. ಇದನ್ನು ಒಪ್ಪಿದಲ್ಲಿ ಈ ವಿಭಾಗವನ್ನೇ ಮುಚ್ಚಬೇಕಾಗುವುದರಿಂದ, ಹೇಳಿಕೆಯನ್ನು ಕಡತದ ತಳಕ್ಕೆ ಹಾಕಲಾಗಿದೆ.

7. ಲೋಲಾಕ್ಷಿಯವರು ಯಾರಿಗೂ ಏನೂ ಹೇಳಿಲ್ಲವೆಂದು ಸಾಬೀತಾಗಿದೆ. ಕ್ಷಮೆ ಕೇಳುವ ಪದ್ಧತಿ ಈ ವಿಭಾಗದಲ್ಲಿಲ್ಲ. ಆದಾಗ್ಯೂ ಅವರ ಹೆಸರನ್ನು ನಿರ್ಮಾಪಕರ ಹೆಸರಿನಷ್ಟೇ ದಪ್ಪ ಅಕ್ಷರಗಳಲ್ಲಿ, ಹಿಂದಿನ ಸಾಲಿನವರೂ ಓದಿ ಮುಗಿಸುವಷ್ಟು ಹೊತ್ತು ತೆರೆಯ ಮೇಲೆ ನಿಲ್ಲಿಸಲು ಆದೇಶಿಸಲಾಗಿದೆ. ಈ ಔದಾರ್ಯದ ಹಿಂದೆ ಬೇರಾವ ಕಾರಣವೂ ಇರುವುದಿಲ್ಲ.

ಸಹಿ/-
(ಶೋಧನ್)
ಗೋಪ್ಯಪಾಲನಾಧಿಕಾರಿ

ಪ್ರತಿಗಳು:
1. ನಿರ್ಮಾಪಕರಿಗೆ, ಮನಸ್ಸಿನಲ್ಲೇ ಓದಿಕೊಳ್ಳಲು.
2. ಶ್ರೀಮತಿ ಸುರಕ್ಷಾ ಅವರಿಗೆ, ಬೇಗ ಪ್ರಕಟವಾಗಲೆಂದು ‘ಅತಿ ಗೋಪ್ಯ’ ಮೊಹರಿನೊಂದಿಗೆ.
3. ಶ್ರೀಮತಿ ಲೋಲಾಕ್ಷಿಯವರಿಗೆ, ವ್ಯಾನ್ ಸಮೇತ. ಕೂಡಲೇ ಹೊರಟು ಬರುವುದು. ಮನೆಗೆ ಒಯ್ದಿರುವ ಅಂಗಿಯ ಎಡತೋಳನ್ನು ಮರೆಯದೆ ತರುವುದು. ನಾಯಕರು ಬೆಳಗ್ಗಿನಿಂದ ಒಂದೇ ತೋಳಿನ ಅಂಗಿ ತೊಟ್ಟು ಕುಳಿತಿದ್ದಾರೆ.