ಶಬ್ದಮಿತಿ ಅರವತ್ತೈದು

ವಿಮಾನ ನಿಲ್ದಾಣದ ಬೇಲಿಗೆ ಬೆನ್ನು ಕೊಟ್ಟು ಕೂತಿರೋ ಬಡಾವಣೆಯ ಏಳನೇ ಬೀದಿಯಲ್ಲಿ ವಿಮಾನಗಳಿಂದ ಯಾವುದೇ ಶಬ್ದ ಉಂಟಾಗುತ್ತಿಲ್ಲ. ಇದು ಸರ್ಕಾರಿ ದಾಖಲೆ. ಸಹಿ ಇದೆ, ಮೊಹರು ಇದೆ, ಮೊಹರಿನ ಮೇಲೆ ಇನ್ನೊಂದು ಸಹಿಯೂ ಇದೆ. ಇದು ಹೇಗೆ ಸಾಬೀತಾಯ್ತು ಅನ್ನೋದನ್ನ ಬೇರೆಯವರೇ ಹೇಳಬೇಕು. ಯಾಕಂದ್ರೆ ಆ ಬೀದಿಯವರು ಸದ್ಯಕ್ಕೆ ಹೇಳೋ ಸ್ಥಿತಿಯಲ್ಲಿಲ್ಲ.

ದೂರು ಕೊಟ್ಟವಳು ಅನೌನ್ಸರಕ್ಕ. ಬಸ್ ಸ್ಟ್ಯಾಂಡಲ್ಲಿ ಮೈಕ್ ಮುಂದೆ ಕೂತು, ಯಾವ ಬಸ್ಸು ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತೆ, ಯಾವುದು ಬರೋದೇ ಇಲ್ಲ ಅಂತ ಹೇಳೋ ಕೆಲಸ ಅವಳದು. ಊರಿಗೆಲ್ಲ ಮಾತು ಹಂಚೋಳ ಮಗಳು ಗುಬ್ಬಿಗೆ ಮೂರು ವರ್ಷ ತುಂಬಿದ್ರೂ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಅಮ್ಮ ಅಂತಲೂ ಅಂದಿರಲಿಲ್ಲ.

ಮಾತಿನ ಡಾಕ್ಟರು ಮಗುವಿನ ಕಿವಿ ನೋಡಿದ್ರು, ನಾಲಿಗೆ ನೋಡಿದ್ರು, ಕೊನೆಗೆ ಮನೆ ಎಲ್ಲಿ ಅಂತ ಕೇಳಿದ್ರು. ಹೇಳಿದ ತಕ್ಷಣ ಪೆನ್ನು ಕೆಳಗಿಟ್ಟರು.

"ನಿಮ್ಮ ಮನೇಲಿ ಯಾರಾದ್ರೂ ಒಂದು ವಾಕ್ಯ ಪೂರ್ತಿ ಮಾಡಿದ್ದು ಯಾವಾಗ?"

ಅನೌನ್ಸರಕ್ಕ ಯೋಚನೆ ಮಾಡಿದಳು. ನಾಲ್ಕು ನಿಮಿಷಕ್ಕೊಂದು ವಿಮಾನ. ಮದುವೆಯಾಗಿ ಬಂದ ದಿನ ಅತ್ತೆ ಶುರು ಮಾಡಿದ ಮಾತೇ ಇನ್ನೂ ಮುಗಿದಿಲ್ಲ.

"ಮಗುಗೆ ಏನೂ ಆಗಿಲ್ಲ," ಅಂದ್ರು ಡಾಕ್ಟರು. "ಪಾಪ, ಅದು ಪೂರ್ತಿ ಮಾತೇ ಕೇಳಿಲ್ಲ. ಸದ್ದು ತಡೀರಿ, ಮಗು ಮುಂದೆ ಮಾತಾಡ್ತಾನೇ ಇರಿ. ಈ ವರ್ಷ ಬಿಟ್ರೆ ಆಮೇಲೆ ಕಷ್ಟ."

ಸದ್ದು ತಡೆಯೋಕೆ ಒಂದು ಯೋಜನೆ ಇತ್ತು. ಶಬ್ದ ಮಿತಿ ಮೀರಿದ ಮನೆಗಳಿಗೆ ನಿಲ್ದಾಣದವರೇ ಎರಡು ಪದರದ ಗಾಜಿನ ಕಿಟಕಿ ಹಾಕಿಕೊಡಬೇಕು. ಅನೌನ್ಸರಕ್ಕ ಶಬ್ದ ಮಾಪನ ಕಚೇರಿಗೆ ಹೋಗಿ ದೂರು ಬರೆದುಕೊಟ್ಟು ಬಂದಳು.

ಇಲ್ಲಿ ಆ ಕಚೇರಿಯ ಟೈಪಿಸ್ಟ್ ಬಗ್ಗೆ ಒಂದು ಮಾತು. ತುಂಬಾ ಪ್ರಾಮಾಣಿಕ ಮನುಷ್ಯ. ಮೇಲಿಂದ ಬಂದ ಆದೇಶದಲ್ಲಿ "ವಸತಿ ಪ್ರದೇಶದಲ್ಲಿ ಹಗಲಿನ ಶಬ್ದಮಿತಿ ಅರವತ್ತೈದು ಡೆಸಿಬೆಲ್" ಅಂತಿತ್ತು. ಡೆಸಿಬೆಲ್ ಅನ್ನೋದು ಯಾವನೋ ವಿದೇಶಿ ಗುತ್ತಿಗೆದಾರನ ಹೆಸರಿರಬೇಕು, ಸರ್ಕಾರಿ ಆದೇಶದಲ್ಲಿ ಖಾಸಗಿ ವ್ಯಕ್ತಿಯ ಹೆಸರು ನುಸುಳಬಾರದು ಅಂತ ಆತ ಅದನ್ನ ಕಿತ್ತುಹಾಕಿದ. ಉಳಿದದ್ದು "ಶಬ್ದಮಿತಿ ಅರವತ್ತೈದು". ಅದಕ್ಕೆ ಸಹಿ ಬಿತ್ತು. ಸಹಿ ಬಿದ್ದ ಮೇಲೆ ಬ್ರಹ್ಮ ಬಂದ್ರೂ ತಿದ್ದೋಕಾಗಲ್ಲ.

ಮುಂದಿನ ವಾರ ಬೆಳಗ್ಗೆ ಏಳಕ್ಕೆ ಮಾಪನಾಧಿಕಾರಿ ಬಂದು ನಡುಮನೆಯಲ್ಲಿ ಕುರ್ಚಿ ಎಳೆದುಕೊಂಡು ಕೂತ. ಒಂದು ಕೈಯಲ್ಲಿ ರಿಜಿಸ್ಟರು. ಇನ್ನೊಂದು ಕೈಯಲ್ಲಿ, ಜಾತ್ರೆಗೋ ವಸ್ತುಪ್ರದರ್ಶನಕ್ಕೋ ಬಂದ ಜನರನ್ನ ಎಣಿಸೋಕೆ ಇಟ್ಟುಕೊಳ್ತಾರಲ್ಲ, ಒತ್ತಿದ್ರೆ ಟಿಕ್ ಅನ್ನೋದು, ಅದು. ಬಗಲಲ್ಲಿ ಎಂಟನೇ ಕ್ಲಾಸಿನ ವ್ಯಾಕರಣ ಪುಸ್ತಕ.

"ಮಿಷನ್ ಎಲ್ಲಿ ಸಾರ್?" ಅಂದಳು ಅನೌನ್ಸರಕ್ಕ.

ಟಿಕ್ ಟಿಕ್ ಟಿಕ್.

"ಮೂರು," ಅಂದ ಅಧಿಕಾರಿ. "ಮಿಷನ್ ಬೀರುವಿನಲ್ಲಿದೆಯಮ್ಮ. ಹೊರಗಿಟ್ರೆ ಸದ್ದಿಗೆ ಕೆಟ್ಟುಹೋಗುತ್ತೆ. ನಿಮ್ಮ ಮನೇನ ಮಾದರಿ ಮನೆ ಅಂತ ಆರಿಸಿದ್ದೀವಿ. ದಿನಕ್ಕೆ ಅರವತ್ತೈದು ಶಬ್ದ. ನನ್ನ ಡ್ಯೂಟಿ ಏಳರಿಂದ ನಾಲ್ಕು."

"ನಾನು ದೂರು ಕೊಟ್ಟಿದ್ದು ವಿಮಾನದ ಮೇಲೆ."

ಟಿಕ್ಕುಗಳು. "ಆ ದೂರಿನಲ್ಲೇ ನೂರ ಹನ್ನೆರಡು ಶಬ್ದ ಇದೆ. ನಾವಾಗಿದ್ದಕ್ಕೆ ಕ್ಷಮಿಸಿದ್ವಿ."

ಅಷ್ಟರಲ್ಲಿ ವಿಮಾನ ಬಂತು. ತಟ್ಟೆ ಸ್ಟ್ಯಾಂಡಿನಲ್ಲಿ ತಟ್ಟೆಗಳು ಹಲ್ಲು ಕಡಿದವು. ಗೋಡೆಯ ಕ್ಯಾಲೆಂಡರು ಒಂದು ತಿಂಗಳು ಮುಂದಕ್ಕೆ ಹಾರಿತು. ಅಧಿಕಾರಿ ಕಿವಿಯಿಂದ ಬೆರಳು ತೆಗೆದು ಬರೆದುಕೊಂಡ: ಏಳು ಗಂಟೆ ಹತ್ತು ನಿಮಿಷ, ವಿಮಾನ, ಶಬ್ದ ಸೊನ್ನೆ.

"ಸೊನ್ನೆನಾ?!" ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು.

"ಅದು ಒಂದೇ ಒಂದು ಮಾತಾದ್ರೂ ಆಡ್ತಾ ಅಜ್ಜಿ? ನೀವೇ ಹೇಳಿ."

ಅತ್ತೆ ಹೇಳಿದಳು. ಅಧಿಕಾರಿಯ ಬಗ್ಗೆ, ಅವನ ಕಚೇರಿ ಬಗ್ಗೆ, ಅವನನ್ನ ಓದಿಸಿದ ಮೇಷ್ಟ್ರ ಬಗ್ಗೆ. ಟಿಕ್ಕು ನಿಂತಾಗ ಗಂಟೆ ಏಳೂಕಾಲು, ಲೆಕ್ಕ ನೂರ ಎಂಟು. ಅವತ್ತಿನ ಕಥೆ ಅಲ್ಲಿಗೆ ಮುಗೀತು.

ಸಂಜೆಯೊಳಗೆ ಬೀದಿಯ ತುದಿಯಲ್ಲಿ ನೋಟೀಸು ಅಂಟಿತು. "ಮಾದರಿ ಮನೆಯು ಸತತ ಮೂವತ್ತು ದಿನ ಶಬ್ದಮಿತಿಯನ್ನು ಪಾಲಿಸಿದಲ್ಲಿ ಬೀದಿಯ ಸಮಸ್ತ ಮನೆಗಳ ಕಿಟಕಿ ಬೇಡಿಕೆಯನ್ನು ಪರಿಶೀಲಿಸಲಾಗುವುದು. ಒಂದು ದಿನ ತಪ್ಪಿದರೂ ಎಣಿಕೆ ಮೊದಲಿನಿಂದ. ಅಕ್ಕಪಕ್ಕದಿಂದ ಕಿಟಕಿಯ ಮೂಲಕ ಒಳಬರುವ ಶಬ್ದಗಳನ್ನೂ ಮಾದರಿ ಮನೆಯ ಖಾತೆಗೇ ಸೇರಿಸಲಾಗುವುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು." ಡೆಸಿಬೆಲ್ ತಪ್ಪನ್ನ ತಿದ್ದಬಹುದಿತ್ತಲ್ಲ ಅಂತ ಪಕ್ಕದ ಬೇಕರಿಯವ ಕಚೇರಿಗೆ ಹೋಗಿ ಕೇಳಿಬಂದ. ತಿದ್ದುಪಡಿ ಆದೇಶಕ್ಕೆ ಕಮ್ಮಿ ಅಂದ್ರೂ ಇನ್ನೂರು ಶಬ್ದ ಬೇಕಂತೆ. ಮಿತಿ ಅರವತ್ತೈದು.

ಮನೆಯಲ್ಲಿ ಅರವತ್ತೈದನ್ನ ಹಂಚಿಕೊಳ್ಳೋ ಪಂಚಾಯ್ತಿ ನಡೀತು. ಅನೌನ್ಸರಕ್ಕ ನಾಲ್ಕಕ್ಕೆ ಡ್ಯೂಟಿಗೆ ಹೊರಟರೆ ಬರೋದು ಮಗು ಮಲಗಿದ ಮೇಲೆ. ಮಗು ಜೊತೆ ಆಡೋ ಮಾತೆಲ್ಲ ಆ ಅಧಿಕಾರಿಯ ಮೂಗಿನ ಕೆಳಗೇ ಆಡಬೇಕು.

"ನಂಗೆ ಮೂವತ್ತು ಇರಲಿ," ಅಂದಳು ಅತ್ತೆ. "ಬೈಗುಳ ಬೇರೆ."

"ಮಗುಗೆ ಬೇಕು ಅತ್ತೆ."

ಅತ್ತೆ ಗುಬ್ಬಿಯನ್ನ ನೋಡಿದಳು. ಗುಬ್ಬಿ ನೆಲದ ಮೇಲೆ ಕೂತು, ಚಮಚಕ್ಕೆ ಇನ್ನೊಂದು ಚಮಚದ ಕಥೆ ಹೇಳೋ ಹಾಗೆ ಬಾಯಿ ಆಡಿಸ್ತಿತ್ತು, ಸದ್ದಿಲ್ಲದೆ.

"ಹಾಳಾಗ್ಹೋಗ್ಲಿ, ಐದು ಕೊಡು ನಂಗೆ. ಸಾಯೋವಾಗ ನೀರು ಕೇಳೋಕಾದ್ರೂ ಬೇಕಲ್ಲ."

ಗಂಡನಿಗೆ ಪಾಲು ಬೇಕಾಗಲಿಲ್ಲ. ಆತ ಲಾರಿ ಡ್ರೈವರು, ಹದಿನೈದು ದಿನಕ್ಕೊಮ್ಮೆ ಬರೋನು, ಬಂದ್ರೂ ಏನು ಕೇಳಿದ್ರೂ "ಹೂಂ" ಅನ್ನೋನು. ಇಂಥ ಗಂಡಸರು ಬೀದಿಗೊಬ್ಬರಿದ್ರೆ ದೇಶ ಎಲ್ಲೋ ಹೋಗಿಬಿಡುತ್ತೆ ಅಂತ ಅಧಿಕಾರಿ ಅವನ ಕೈ ಕುಲುಕಿದ. "ಹೂಂ," ಅಂದ ಆತ.

ಹೀಗೆ ಅನೌನ್ಸರಕ್ಕನಿಗೆ ದಿನಕ್ಕೆ ಅರವತ್ತು ಮಾತು ಸಿಕ್ತು. ಮಗುವನ್ನ ತೊಡೆ ಮೇಲೆ ಕೂರಿಸಿಕೊಂಡು ಒಂದೊಂದನ್ನೇ ಆರಿಸಿ ಆಡ್ತಿದ್ದಳು. ಅದರಲ್ಲಿ ಇಪ್ಪತ್ತು ಮಾತಿನ ಮೇಲೆ ವಿಮಾನ ಹಾದುಹೋಗಿ ಅವು ಮಗುವಿನ ಕಿವಿಗೆ ಬೀಳ್ತಾನೇ ಇರಲಿಲ್ಲ.

"ಕೇಳಿಸದೇ ಇದ್ದದ್ದನ್ನೂ ಎಣಿಸ್ತೀರಾ?" ಅಂತ ಕೇಳಿ ಮೂರು ಮಾತು ಕಳ್ಕೊಂಡಳು.

"ತುಟಿ ನೋಡಿ, ಗಂಟಲು ನೋಡಿ ಎಣಿಸ್ತೀನಿ. ಗಂಟಲು ಅಲುಗಾಡಬೇಕು, ಅಷ್ಟೇ," ಅಂದ ಅಧಿಕಾರಿ. ಅವನ ಮಾತಿಗೆ ಲೆಕ್ಕ ಇರಲಿಲ್ಲ. ಸರ್ಕಾರಿ ಕೆಲಸದ ಮೇಲಿದ್ದ.

ಜನ ಬುದ್ಧಿವಂತರು. ಸಂಧಿಯಾದ್ರೆ ಎರಡು ಶಬ್ದ ಸೇರಿ ಒಂದಾಗುತ್ತೆ ಅಂತ ಪುಸ್ತಕದಲ್ಲೇ ಇದೆಯಲ್ಲ! ವ್ಯಾಕರಣದಲ್ಲಿ ನಪಾಸಾಗಿ ಸ್ಕೂಲು ಬಿಟ್ಟ ಬೇಕರಿಯವ ಮೂರೇ ದಿನದಲ್ಲಿ ಪಂಡಿತನಾದ. "ಬಿಸಿಯಾಗಿದೆಯೆಂದುಕೊಂಡುಬಿಟ್ಟಿದ್ದೆನಲ್ಲಾ" ಅಂತ ಉಸಿರು ಕಟ್ಟಿ ಕೂಗಿದ್ರೆ ಒಳಗೆ ಒಂದೇ ಟಿಕ್. ಅತ್ತೆಯಂತೂ "ಏನೇನೂಮಾಡದೆಕೂತಿದ್ದೀಯಲ್ಲೇ" ಅಂತ ಐದು ಮಾತಿನ ಕೋಟಾದಲ್ಲಿ ಸೊಸೆಯ ಇಡೀ ಜಾತಕ ಜಾಲಾಡೋದು ಕಲಿತಳು. ಆದ್ರೆ ಗುಬ್ಬಿಗೆ ಇದೆಲ್ಲ ಸರಪಟಾಕಿ ಹಾಗೆ ಕೇಳಿಸ್ತಿತ್ತು. ಕಣ್ಣು ಮಿಟುಕಿಸಿ ಸುಮ್ಮನಾಗ್ತಿತ್ತು.

ಹನ್ನೊಂದನೇ ದಿನ ಮಧ್ಯಾಹ್ನ ಮಾತೆಲ್ಲ ಖರ್ಚಾಗಿ ಮನೆ ತೆಪ್ಪಗಿತ್ತು. ವಿಮಾನ ಬಂತು, ಹೋಯ್ತು. ಗುಬ್ಬಿ ಎದ್ದು ನಿಂತು, ಎರಡು ಕೈ ಅಗಲಿಸಿ, ಮೇಲೆ ನೋಡಿ ಅಂದಳು:

"ಘೂಂ!"

ಅನೌನ್ಸರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅತ್ತೆ ಗೋಡೆಗೆ ಒರಗಿದಳು. ಅಧಿಕಾರಿ ಟಿಕ್ ಅಂತ ಒತ್ತಿದ.

"ಅರವತ್ತಾರು. ಎಣಿಕೆ ಮೊದಲಿನಿಂದ."

ಅನೌನ್ಸರಕ್ಕ ಎದ್ದು ಬಂದು ಅವನ ತೊಡೆ ಮೇಲಿದ್ದ ಪುಸ್ತಕ ಕಿತ್ತುಕೊಂಡು, ಒಂದು ಪುಟ ತೆಗೆದು, ಅವನ ಮೂಗಿಗೆ ಹಿಡಿದಳು. ಅಧಿಕಾರಿ ಓದಿದ. ಅರ್ಥವಿಲ್ಲದ ಧ್ವನಿಯನ್ನ ಕೇಳಿದ ಹಾಗೇ ತಿರುಗಿ ಹೇಳೋದು ಅನುಕರಣಾವ್ಯಯ. ಎರಡು ಸಲ ಓದಿ ತಲೆ ಆಡಿಸಿದ.

"ಸರಿ. ಅವ್ಯಯ ಅಂದ್ರೆ ವ್ಯಯ ಇಲ್ಲದ್ದು. ವ್ಯಯ ಇಲ್ಲ ಅಂದ್ಮೇಲೆ ಖರ್ಚಿಗೆ ಹಾಕೋ ಹಾಗಿಲ್ಲ." ಟಿಕ್ಕನ್ನ ಒಂದು ಹಿಂದಕ್ಕೆ ತಿರುಗಿಸಿದ. "ಅಲ್ಲದೆ ಮೂಲ ಧ್ವನಿ ನಿಲ್ದಾಣದ್ದು. ಅವರಿಗೆ ಹೇಗೂ ಸೊನ್ನೆ."

ಸುದ್ದಿ ಬೆಂಕಿ ಹಾಗೆ ಹಬ್ಬಿತು. ಮಾರನೇ ದಿನದಿಂದ ಏಳನೇ ಬೀದಿ ಘೂಂ ಅನ್ನೋಕೆ ಶುರು ಮಾಡ್ತು. ಗಿಡ್ಡ ಘೂಂ ಅಂದ್ರೆ ಹೌದು, ಎಳೆದ ಘೂಂ ಅಂದ್ರೆ ಇಲ್ಲ, ಮೂಗಿನಲ್ಲಿ ಘೂಂ ಅಂದ್ರೆ ಎರಡು ಬ್ರೆಡ್ಡು. ಜಗಳಗಳೂ ಆಗ್ತಿದ್ವು. ಅತ್ತೆ ಬಾಗಿಲಲ್ಲಿ ನಿಂತು ಬೇಕರಿಯವನಿಗೆ ಬೈದ ಘೂಂಗೆ ಆತ ಎರಡು ದಿನ ಮುಖ ತೋರಿಸಲಿಲ್ಲ. ಅಧಿಕಾರಿ ಸಂತೋಷಪಟ್ಟು ಮೇಲಕ್ಕೆ ಬರೆದ, ಮೇಲಿಂದ ಸುತ್ತೋಲೆ ಬಂತು: ಹತ್ತು ದಿನ ಸತತವಾಗಿ ಸೊನ್ನೆ ಸಾಧಿಸಿದ ಬೀದಿಗೆ ಈ ವರ್ಷವೇ ಆದ್ಯತೆ, ಮಿಕ್ಕವರು ಮುಂದಿನ ವರ್ಷ.

ಮುಂದಿನ ವರ್ಷ ಅಂದ್ರೆ ಗುಬ್ಬಿಗೆ ನಾಲ್ಕು. ಡಾಕ್ಟರು ಹೇಳಿದ್ದ ಗಡುವು ಮುಗಿದಿರುತ್ತೆ.

ಅನೌನ್ಸರಕ್ಕ ಎರಡು ದಿನ ಒಲ್ಲೆ ಅಂದಳು. ಮಗು ಈಗ ಹಸಿವಿಗೂ ಘೂಂ, ನಿದ್ದೆಗೂ ಘೂಂ ಅಂತಿತ್ತು. ಬೀದಿಯವರೆಲ್ಲ ಬಾಗಿಲಿಗೆ ಬಂದು ಕೈ ಮುಗಿದು ಘೂಂ ಅಂದ್ರು. ಕೊನೆಗೆ ಅವಳೂ ಲೆಕ್ಕ ಹಾಕಿದಳು: ಹತ್ತು ದಿನ ಬಾಯಿ ಮುಚ್ಚಿದ್ರೆ ಕಿಟಕಿ. ಕಿಟಕಿ ಬಂದ ಮೇಲೆ ಜೀವಮಾನ ಇಡೀ ಮಾತು. ಅರವತ್ತನ್ನೂ ಒಪ್ಪಿಸಿಬಿಟ್ಟಳು. ಆದ್ರೆ ದಿನಾ ಮಗುವಿನ ಎದುರು ಕೂತು, ಗಂಟಲು ಅಲುಗಾಡದ ಹಾಗೆ, ಬರೀ ತುಟಿಯಲ್ಲಿ ಒಂದೇ ಮಾತು ಹೇಳಿಕೊಡ್ತಿದ್ದಳು. ತುಟಿ ಕೂಡಿಸಿ ಬಿಡಬೇಕು, ಅಷ್ಟೇ. ಗುಬ್ಬಿ ಅವಳ ತುಟಿಯನ್ನೇ ನೋಡ್ತಿತ್ತು, ಒಮ್ಮೊಮ್ಮೆ ಬೆರಳಲ್ಲಿ ಮುಟ್ಟಿ ನೋಡ್ತಿತ್ತು.

ಹತ್ತನೇ ಸೊನ್ನೆಯ ದಿನ, ನಾಲ್ಕಕ್ಕೆ ಐದು ನಿಮಿಷ ಬಾಕಿ. ಬೀದಿ ಪೂರ್ತಿ ನಡುಮನೆಯಲ್ಲಿ, ಜಗಲಿಯಲ್ಲಿ, ಕಿಟಕಿ ಸರಳಿನ ಆಚೆ. ಗಂಡನೂ ಲಾರಿ ನಿಲ್ಲಿಸಿ ಬಂದಿದ್ದ. ಅಧಿಕಾರಿ ರಿಜಿಸ್ಟರಿನಲ್ಲಿ ಸೊನ್ನೆ ಬರೆಯೋಕೆ ಪೆನ್ನಿನ ಮುಚ್ಚಳ ತೆಗೆದ. ಯಾವ ವಿಮಾನವೂ ಇಲ್ಲದ ಒಂದು ನಿಮಿಷ ಅದು. ಗುಬ್ಬಿ ತಾಯಿಯ ಮುಖ ಎರಡು ಕೈಯಲ್ಲಿ ಹಿಡಿದುಕೊಂಡು, ತುಟಿ ಕೂಡಿಸಿ, ಬಿಟ್ಟಳು.

"ಅಮ್ಮ."

ಅಧಿಕಾರಿಯ ಹೆಬ್ಬೆರಳು ಟಿಕ್ಕಿನ ಮೇಲೆ ಹೋಗಿ ನಿಂತಿತು. ನಲವತ್ತು ಜೊತೆ ಕಣ್ಣು ಅನೌನ್ಸರಕ್ಕನ ಮೇಲೆ. ಬೇಕರಿಯವ ಕೈ ಮುಗಿದಿದ್ದ.

"ಏನಂತು ಮಗು?" ಅಂದ ಅಧಿಕಾರಿ.

ಅನೌನ್ಸರಕ್ಕ ಮಗುವಿನ ತಲೆ ನೇವರಿಸಿದಳು. ಆಮೇಲೆ ಅವನ ಕೈಯಿಂದ ಪೆನ್ನು ತಗೊಂಡು, ರಿಜಿಸ್ಟರಿನ ಅಂಚಿನಲ್ಲಿ ಒಂದೇ ಒಂದು ಪದ ಬರೆದಳು. ಕರು.

ಅಧಿಕಾರಿ ಪುಸ್ತಕ ತೆಗೆದು, ಮುಚ್ಚಿ, ತಲೆ ಆಡಿಸಿದ. "ಕರುವಿನ ಅನುಕರಣೆ. ಅವ್ಯಯ. ಸೊನ್ನೆ." ಆ ಬೀದಿಯಲ್ಲಿ ಒಂದು ಬೆಕ್ಕೂ ಇಲ್ಲ, ಕರು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಬೀದಿ ಒಟ್ಟಿಗೆ ಉಸಿರು ಬಿಟ್ಟಿತು. ಅತ್ತೆ ಮಾತ್ರ ಮುಖ ಗೋಡೆ ಕಡೆ ತಿರುಗಿಸಿಕೊಂಡಳು.

ಅಧಿಕಾರಿ ಎದ್ದು ನಿಂತು ಫಲಿತಾಂಶ ಓದಿದ. "ಸದರಿ ಬೀದಿಯಲ್ಲಿ ವಿಮಾನಗಳ ಶಬ್ದ ಸೊನ್ನೆ, ನಿವಾಸಿಗಳ ಶಬ್ದ ಸೊನ್ನೆ, ಒಟ್ಟು ಸೊನ್ನೆ. ಶಬ್ದವೇ ಇಲ್ಲದ ಕಡೆ ಶಬ್ದ ತಡೆಯುವ ಕಿಟಕಿಯ ಅಗತ್ಯ ಕಂಡುಬರುವುದಿಲ್ಲ. ಇಷ್ಟು ಪ್ರಶಾಂತವಾದ ಬೀದಿಯ ಮೇಲೆ ಎರಡನೇ ರನ್‌ವೇ ಹಾಯಿಸಲು ಶಿಫಾರಸು ಮಾಡಲಾಗಿದೆ."

ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ಆಕ್ಷೇಪಣೆ ಇದ್ರೆ ಹೇಳಿ ಅಂತ ಅಧಿಕಾರಿ ನಿಯಮದ ಪ್ರಕಾರ ಒಂದು ನಿಮಿಷ ಕಾದ. ಹೇಳಿದ್ರೆ ಹತ್ತು ಸೊನ್ನೆಯೂ ನೀರಿಗೆ ಬೀಳುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. "ಘೂಂ," ಅಂದ ಬೇಕರಿಯವ, ಗಿಡ್ಡದಾಗಿ. ಒಬ್ಬೊಬ್ಬರಾಗಿ ಎಲ್ಲರೂ ಘೂಂ ಅಂದ್ರು. ಗಂಡ "ಹೂಂ" ಅಂದ. ಅದನ್ನೂ ಅನುಕರಣೆ ಅಂತಲೇ ಬರೆದುಕೊಳ್ಳಲಾಯ್ತು.

ಗುಬ್ಬಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ತಾಯಿಯ ಸೆರಗು ಜಗ್ಗಿ, ಈ ಸಲ ಜೋರಾಗಿ ಕೂಗಿದಳು.

"ಅಮ್ಮ! ಅಮ್ಮ!"

ಅನೌನ್ಸರಕ್ಕ ಗಡಿಯಾರ ನೋಡಿದಳು. ನಾಲ್ಕಕ್ಕೆ ಇನ್ನೂ ಒಂದು ನಿಮಿಷ ಇತ್ತು. ಮಗುವನ್ನ ಎತ್ತಿ ಎದೆಗೆ ಒತ್ತಿಕೊಂಡು, ಅಷ್ಟು ವರ್ಷ ಮೈಕಿನ ಮುಂದೆ ತಿದ್ದಿ ತೀಡಿದ ಆ ದನಿಯಲ್ಲಿ, ಸ್ಪಷ್ಟವಾಗಿ, ಒಂದಕ್ಷರವೂ ಜಾರದ ಹಾಗೆ ಉತ್ತರ ಕೊಟ್ಟಳು.

"ಅಂಬಾ."

ಅಧಿಕಾರಿ ಸೊನ್ನೆ ಸುತ್ತಿದ.