ಬೇಲಿಯವರ ರಜೆ

ಒಂದು ಕಂಪ್ಯೂಟರಿಗೆ ಒಂದು ಡಿಸ್ಕು ಕಾಣಿಸಬೇಕು. ಕೆಲಸ ಇಷ್ಟೇ. ಸಿಬ್ಬಂದಿ ವಿಭಾಗದ ಮೇಡಂ ಬೆಳಗ್ಗೆ ಬಂದು ಹೇಳಿದಾಗ ಬೇಲಿಯವರು ಕೈಯಲ್ಲಿದ್ದ ಕಾಫಿ ಲೋಟವನ್ನೂ ಕೆಳಗಿಡಲಿಲ್ಲ.

ಬೇಲಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಭೂಪಟಗಳನ್ನು ಅಚ್ಚುಹಾಕುವ ಆ ಕಂಪನಿಯಲ್ಲಿ ಎಲ್ಲ ವಿಭಾಗಗಳ ಕಡತಗಳೂ ನೆಲಮಾಳಿಗೆಯ ತಣ್ಣನೆಯ ಕೋಣೆಯೊಂದರ ಡಿಸ್ಕುಗಳಲ್ಲಿ ಕೂತಿದ್ದವು. ಯಾವ ವಿಭಾಗದ ಕಂಪ್ಯೂಟರಿಗೆ ಯಾವ ಡಿಸ್ಕು ಕಾಣಬೇಕು ಎಂಬುದನ್ನು ನಡುವೆ ಇದ್ದ ಸ್ವಿಚ್ ಎಂಬ ಪೆಟ್ಟಿಗೆ ತೀರ್ಮಾನಿಸುತ್ತಿತ್ತು. ಒಂದೇ ಜೋನ್‌ನಲ್ಲಿ, ಅಂದರೆ ಒಂದೇ ಆವರಣದೊಳಗೆ, ಇರುವವು ಒಂದಕ್ಕೊಂದು ಕಾಣುತ್ತವೆ. ಬೇರೆ ಬೇರೆ ಜೋನ್‌ನಲ್ಲಿದ್ದರೆ, ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ವಾರಗಿತ್ತಿಯರ ಹಾಗೆ, ಒಂದರ ಪಾಲಿಗೆ ಇನ್ನೊಂದು ಇಲ್ಲವೇ ಇಲ್ಲ. ಈ ಜೋನ್‌ಗಳನ್ನು ಹಾಕುವವರೂ ತೆಗೆಯುವವರೂ ಇವರೊಬ್ಬರೇ. ಹೀಗಾಗಿ ಬೇಲಿ.

“ಹಳೇ ಹಾಜರಿ ಇರೋ ಡಿಸ್ಕು ನಮಗೆ ಕಾಣಬೇಕು. ಸಂಜೆಯೊಳಗೆ,” ಎಂದರು ಮೇಡಂ.

“ಅದನ್ನ ಮುಚ್ಚಿ ವರ್ಷಗಳಾಯ್ತಲ್ಲ ಮೇಡಂ. ಈಗ ಯಾಕೆ?”

“ಒಬ್ಬರ ವೈಯಕ್ತಿಕ ವಿಷಯ. ಸಿಬ್ಬಂದಿ ವಿಷಯ ನಾವು ಸಿಬ್ಬಂದಿಗೆ ಹೇಳೋದಿಲ್ಲ.”

ಗಂಟೆ ಎಷ್ಟು ಎಂದು ಕೇಳಿದರೂ ಯಾಕೆಂದು ತಿಳಿದುಕೊಂಡೇ ಹೇಳುವ ಪೈಕಿ ಆಕೆ. ಬೇಲಿಯವರು ಕೆದಕಲು ಹೋಗಲಿಲ್ಲ. ಅವರ ಮನಸ್ಸು ಆಗಲೇ ಸಮುದ್ರತೀರದಲ್ಲಿ ಕಾಲು ಚಾಚಿತ್ತು. ಆ ಸಂಜೆಯ ರೈಲಿಗೆ ಹೆಂಡತಿ, ಮಗಳ ಜೊತೆ ಹತ್ತು ದಿನದ ಪ್ರವಾಸ. ಹಿಂದೆ ಎರಡು ಸಲ ಇದೇ ಪ್ರವಾಸ ಕಚೇರಿ ಕೆಲಸದಿಂದ ತಪ್ಪಿತ್ತು. “ಮೂರನೇ ಸಲ ತಪ್ಪಿದರೆ ನಾವಿಬ್ಬರೇ ಹೋಗ್ತೀವಿ. ನೀವು ಆ ಸ್ವಿಚ್ಚಿನ ಜೊತೆ ಸಂಸಾರ ಮಾಡ್ಕೊಂಡಿರಿ,” ಎಂದು ಹೆಂಡತಿ ಹೇಳಿಯಾಗಿತ್ತು. ರಜೆಗೆ ಅರ್ಜಿ ಹಾಕಿದ ಮೇಲೆ ಸಾಹೇಬರು ಮೆಟ್ಟಿಲ ಮೇಲೆ ಸಿಕ್ಕಾಗ “ಹೋಗಿ ಬರುವಿರಂತೆ, ನೋಡೋಣ” ಎಂದಿದ್ದರು. ಬೇಲಿಯವರು ‘ಹೋಗಿ ಬರುವಿರಂತೆ’ಯನ್ನು ಜೇಬಿಗಿಳಿಸಿ ‘ನೋಡೋಣ’ವನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಬಂದಿದ್ದರು.

ಮೇಡಂ ಹೋಗಿ ಕಾಫಿ ಆರುವಷ್ಟರಲ್ಲಿ ಲೆಕ್ಕ ವಿಭಾಗದ ಹಿರಿಯಾಕೆ ಬಂದರು. ಇಡೀ ಕಚೇರಿಗೆ ಅವರು ಲೆಕ್ಕದಕ್ಕ.

“ಸಿಬ್ಬಂದಿಯವರಿಗೆ ಹಳೇ ಡಿಸ್ಕು ಕೊಡ್ತಿದ್ದೀರಂತೆ.”

“ಕೊಡ್ತಿಲ್ಲ ಅಕ್ಕಾ, ತೋರಿಸ್ತಿದ್ದೀನಿ.”

“ನಮಗೂ ತೋರಿಸಿ.”

“ನಿಮಗೆ ಅದರಲ್ಲಿ ಏನು ಕೆಲಸ?”

“ಕೆಲಸ ಏನೂ ಇಲ್ಲ. ಆದ್ರೆ ಅವರಿಗೆ ಕಂಡು ನಮಗೆ ಕಾಣಲ್ಲ ಅಂದ್ರೆ ನಾಳೆ ಕ್ಯಾಂಟೀನಲ್ಲಿ ನಾನು ಮುಖ ಎತ್ತಿಕೊಂಡು ಕೂರೋದು ಹೇಗೆ?”

ಅವರ ಹಿಂದೆಯೇ ನಕ್ಷೆ ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ನಕ್ಷೆಯಣ್ಣ, ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಒಳಬಂದರು. ಅವರ ಬೇಡಿಕೆ ಕೊಂಚ ಸೂಕ್ಷ್ಮದ್ದು. “ನಮ್ಮ ಡಿಸ್ಕು ಬೇರೆ ಯಾರಿಗೂ ಕಾಣಬಾರದು. ಬೇರೆಯವರದೆಲ್ಲ ನಮಗೆ ಕಾಣಬೇಕು.”

“ಅಣ್ಣಾ, ಅದನ್ನ ಬೇಹುಗಾರಿಕೆ ಅಂತಾರೆ.”

“ನೀವು ಏನು ಬೇಕಾದ್ರೂ ಅನ್ನಿ. ನಾವು ಉಸ್ತುವಾರಿ ಅಂತೀವಿ.”

ಇಬ್ಬರೂ ಕುರ್ಚಿಯ ಹಿಂದೆ ನಿಂತುಬಿಟ್ಟರು. ಬೇಲಿಯವರು ಅವರತ್ತ ತಿರುಗದೆ ಮೇಡಂ ಕೆಲಸಕ್ಕೆ ಕೈ ಹಾಕಿದರು.

ಸ್ವಿಚ್ಚಿನಲ್ಲಿ ಜೋನ್‌ಗಳನ್ನೆಲ್ಲ ಸೇರಿಸಿ ಒಂದು ಸೆಟ್ ಮಾಡಿರುತ್ತಾರೆ. ಒಮ್ಮೆಗೆ ಒಂದೇ ಸೆಟ್ ಜಾರಿಯಲ್ಲಿರುವುದು. ಹೊಸದು ಬಂದರೆ ಹಳೆಯದು ಪೂರ್ತಿ ಇಳಿಯುತ್ತದೆ. ಆದ್ದರಿಂದ ಹಳೆಯ ಜೋನ್‌ಗಳನ್ನೆಲ್ಲ ಮೊದಲು ಹೊಸ ಸೆಟ್ಟಿಗೆ ತುಂಬಿಕೊಂಡು, ಆಮೇಲೆ ಹೊಸ ಜೋನ್ ಸೇರಿಸಬೇಕು. ಇದು ಬೇಲಿಯವರಿಗೆ ತಿಳಿಯದ್ದಲ್ಲ. ಹೊಸಬರಿಗೆ ಇದನ್ನು ಬೈದು ಕಲಿಸುವವರೇ ಅವರು. ಅವರು ಹೊಸ ಸೆಟ್ ತೆರೆದು ಮೇಡಂ ಜೋನ್ ಬರೆದರು. ಹಳೆಯದನ್ನು ತುಂಬಬೇಕು ಎನ್ನುವಷ್ಟರಲ್ಲಿ ಹೆಗಲ ಮೇಲಿನಿಂದ ಲೆಕ್ಕದಕ್ಕ “ಅವರ ಹೆಸರು ಮಾತ್ರ ದೊಡ್ಡಕ್ಷರದಲ್ಲಿ ಯಾಕೆ?” ಎಂದರು. ಅಷ್ಟರಲ್ಲಿ ಫೋನು ಬಂತು.

“ಟವೆಲ್ ಎರಡು ಸಾಕಾ?” ಎಂದಳು ಹೆಂಡತಿ.

ಅದೇ ಹೊತ್ತಿಗೆ ಪರದೆಯ ಮೇಲೂ ಒಂದು ಪ್ರಶ್ನೆ ಬಂತು: ಈ ಸೆಟ್ಟನ್ನು ಜಾರಿ ಮಾಡಲೇ? ಬೇಲಿಯವರು ಹೆಂಡತಿಗೆ ಹೂಂ ಎಂದರು. ಹದಿನಾಲ್ಕು ವರ್ಷ ಸಂಸಾರ ಮಾಡಿ ಪಳಗಿದ ಕೈ, ಬಾಯಿಯ ಜೊತೆಗೆ ತಾನೂ ಹೂಂ ಒತ್ತಿತು.

ಹೊಸ ಸೆಟ್ಟಿನಲ್ಲಿ ಇದ್ದದ್ದು ಒಂದೇ ಜೋನ್. ಮಿಕ್ಕ ಕಂಪ್ಯೂಟರುಗಳಿಗೆಲ್ಲ ಜಗತ್ತು ಮಾಯವಾಯಿತು. ಲೆಕ್ಕ ನಿಂತಿತು, ನಕ್ಷೆಯ ನದಿಗಳು ಅರ್ಧ ಹರಿದು ನಿಂತವು. ಮೇಡಂ ಕಂಪ್ಯೂಟರಿಗೆ ಹಳೇ ಹಾಜರಿಯ ಡಿಸ್ಕೇನೋ ಕಂಡಿತು. ಅದನ್ನು ಓದುವ ಪ್ರೋಗ್ರಾಂ ಇದ್ದ ಡಿಸ್ಕು ಕಾಣದಾಯಿತು. ಕನ್ನಡಕ ಸಿಕ್ಕಿ ಕಣ್ಣು ಹೋದ ಹಾಗೆ. ಬೇಲಿಯವರ ಕಂಪ್ಯೂಟರಿನ ಹೊಟ್ಟೆಯಲ್ಲೂ ಸ್ವಂತ ಡಿಸ್ಕು ಇರಲಿಲ್ಲ; ಅದೂ ಕೆಳಗಿನ ಕೋಣೆಯ ಅನ್ನ ತಿನ್ನುವುದೇ. ಕೂತ ಕೊಂಬೆಯನ್ನೇ ಕಡಿದುಕೊಂಡವರ ಮುಂದೆ ಪರದೆ ಕಲ್ಲಾಗಿ ಕೂತಿತು.

“ಬೇಲಿಯೇ ಎದ್ದು ಹೊಲ ಮೇಯ್ತಲ್ಲ,” ಎಂದರು ನಕ್ಷೆಯಣ್ಣ.

ಗಾಬರಿಯಾಗುವಂಥದ್ದೇನಿರಲಿಲ್ಲ. ಲ್ಯಾಪ್‌ಟಾಪ್ ಹಿಡಿದು ತಣ್ಣನೆಯ ಕೋಣೆಗೆ ಹೋಗಿ, ಸ್ವಿಚ್ಚಿಗೆ ನೇರ ಕೇಬಲ್ ಸಿಕ್ಕಿಸಿ, ಹಳೆಯ ಸೆಟ್ಟನ್ನು ಮತ್ತೆ ಜಾರಿ ಮಾಡಿದರೆ ಮುಗಿಯಿತು. ಬೇಲಿಯವರು ಮೆಟ್ಟಿಲಿಳಿದು ಓಡಿ ಕೋಣೆಯ ಬಾಗಿಲಿಗೆ ಕಾರ್ಡ್ ತೋರಿಸಿದರು. ಕೆಂಪು ದೀಪ ಬಂತು. ತಿರುಗಿಸಿ ತೋರಿಸಿದರು. ಕೆಂಪು.

“ತೆರೆಯಲ್ಲ ಸಾರ್,” ಎಂದ ಕಾವಲುಗಾರ. “ಬಾಗಿಲು ಪ್ರತಿಸಲವೂ ಅದರ ಕಂಪ್ಯೂಟರನ್ನ ಕೇಳಿಯೇ ತೆಗೆಯೋದು. ಆ ಕಂಪ್ಯೂಟರಿಗೆ ಈಗ ಡಿಸ್ಕು ಕಾಣ್ತಿಲ್ಲವಂತೆ.”

“ಕೀಲಿ ಇರಬೇಕಲ್ಲಪ್ಪ?”

“ಇದೆ ಸಾರ್. ಒಳಗೆ, ಗಾಜಿನ ಪೆಟ್ಟಿಗೆಯಲ್ಲಿ.”

“ಒಳಗೆ ಯಾಕಿಟ್ಟೆ ಮಾರಾಯಾ?”

“ಹೊರಗಿಟ್ಟರೆ ಯಾರಾದ್ರೂ ತಗೊಂಡು ಒಳಗೆ ಹೋಗಿಬಿಡ್ತಾರೆ ಅಂತ ನೀವೇ ಹೇಳಿದ್ರಲ್ಲ ಸಾರ್.”

ಕೆಲಸವಿಲ್ಲದ ಕಚೇರಿಯೆಲ್ಲ ನೆಲಮಾಳಿಗೆಗೆ ಇಳಿದು ಬಂತು. ಕಟ್ಟಡದ ನಕ್ಷೆ ನೋಡಿದರೆ ಬೇರೆ ದಾರಿ ಸಿಗುತ್ತದೆ ಎಂದು ನಕ್ಷೆಯಣ್ಣ ಹೇಳಿದರು.

“ಬೇಗ ತನ್ನಿ ಅಣ್ಣಾ.”

“ಡಿಸ್ಕಲ್ಲಿದೆ.”

ಕೊನೆಗೆ ದಾರಿ ಕಂಡದ್ದು ಲೆಕ್ಕದಕ್ಕನಿಗೆ. ಪಕ್ಕದಲ್ಲಿ ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಕೋಣೆಯೊಂದಿತ್ತು. ಅಲ್ಲಿಯ ಗೋಡೆಯಲ್ಲಿ, ಹಿಂದೆಂದೋ ಏಸಿ ಕೂರಿಸಿದ್ದ ಕಿಂಡಿಗೆ ಹಲಗೆ ಬಡಿದಿತ್ತು. ಹಲಗೆ ಕಿತ್ತರೆ ಆಚೆ ತಣ್ಣನೆಯ ಕೋಣೆ. ನಕ್ಷೆಯಣ್ಣ ಕಿಂಡಿಯನ್ನು ಗೇಣಿನಲ್ಲಿ ಅಳೆದು, ಬೇಲಿಯವರನ್ನು ಮೇಲಿಂದ ಕೆಳಗೆ ನೋಡಿದರು.

“ಭುಜ ಹೋಗುತ್ತೆ. ಹೊಟ್ಟೆಗೆ ನಾನು ಜವಾಬ್ದಾರನಲ್ಲ.”

ಅವರ ಅಳತೆ ತಪ್ಪಲಿಲ್ಲ. ಭುಜ ಹೋಯಿತು, ಹೊಟ್ಟೆ ನಿಂತಿತು. ಬೇಲಿಯವರ ತಲೆ ಮಾಗಿಯ ಚಳಿಯಲ್ಲೂ ಕಾಲು ವೈಶಾಖದ ಸೆಕೆಯಲ್ಲೂ ಉಳಿದವು. ಕಾಲು ಹಿಡಿದು ನೂಕುತ್ತಿದ್ದ ಲೆಕ್ಕದಕ್ಕ ಇದ್ದಕ್ಕಿದ್ದಂತೆ ನೂಕುವುದನ್ನು ನಿಲ್ಲಿಸಿದರು.

“ಬೇಲಿಯವರೇ, ಹೇಗೂ ಒಳಗೆ ಹೋಗ್ತಿದ್ದೀರಲ್ಲ. ನಮ್ಮದೊಂದು ಮರೀಬೇಡಿ.”

“ಉಸ್ತುವಾರಿಯನ್ನೂ,” ಎಂದರು ಇನ್ನೊಂದು ಕಾಲು ಹಿಡಿದಿದ್ದ ನಕ್ಷೆಯಣ್ಣ.

“ಮೊದಲು ನೂಕಿ,” ಎಂದಿತು ಗೋಡೆಯಾಚೆಯ ದನಿ.

“ಮೊದಲು ಮಾತು ಕೊಡಿ.”

ಆಗ ಈಚೆ ಬದಿಯಲ್ಲಿದ್ದ ಪ್ಯಾಂಟಿನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಲೆಕ್ಕದಕ್ಕ ಸಂಕೋಚವಿಲ್ಲದೆ ತೆಗೆದು ಮಾತಾಡಿದರು. “ಹೌದಮ್ಮ, ಇಲ್ಲೇ ಇದ್ದಾರೆ. ಅರ್ಧ.” ಒಂದು ಕ್ಷಣ ಕೇಳಿಸಿಕೊಂಡು ಗೋಡೆಗೆ ವರದಿ ಒಪ್ಪಿಸಿದರು: “ರೈಲಿಗೆ ಯಾವ ಅರ್ಧ ಬರುತ್ತೆ ಅಂತ ಕೇಳ್ತಿದ್ದಾರೆ.”

ಬೇಲಿಯವರು ಕೇಳಿದವರಿಗೆಲ್ಲ ಮಾತು ಕೊಟ್ಟರು. ಅಂಗಿಯ ಎರಡು ಗುಂಡಿಗಳು ಹಾರಿದವು, ಅವರು ಆಚೆ ಬಿದ್ದರು. ಹಿಂದೆಯೇ ಲ್ಯಾಪ್‌ಟಾಪ್ ಹೋಯಿತು. ಹಳೆಯ ಸೆಟ್ ಜಾರಿಯಾಯಿತು. ಮೇಲಿನ ಮಹಡಿಗಳಲ್ಲಿ ಲೆಕ್ಕ ಓಡಿತು, ನದಿಗಳು ಸಮುದ್ರ ಸೇರಿದವು, ಬಾಗಿಲು ಏನೂ ಅರಿಯದ ಮುಖ ಮಾಡಿಕೊಂಡು ತೆರೆಯಿತು. ಹೊಸ್ತಿಲಾಚೆ ಸಾಹೇಬರು ನಿಂತಿದ್ದರು. ಅವರ ಎಡಬಲಕ್ಕೆ, ಮಾತು ವಸೂಲು ಮಾಡಲು, ಲೆಕ್ಕದಕ್ಕ ಮತ್ತು ನಕ್ಷೆಯಣ್ಣ.

“ಏನ್ರೀ ಇದೆಲ್ಲ?” ಎಂದರು ಸಾಹೇಬರು.

ಬೇಲಿಯವರಿಗೆ ಆ ದಿನದ ಮೊದಲ ಒಳ್ಳೆಯ ಉಪಾಯ ಹೊಳೆಯಿತು. “ಅವಸರದ ಬದಲಾವಣೆ ಸಾರ್. ಎಲ್ಲರೂ ಅದು ತೋರಿಸು, ಇದು ತೋರಿಸು ಅಂತಾರೆ. ನಾನು ರಜೆ ಮುಗಿಸಿ ಬರೋವರೆಗೆ ಯಾರಿಗೂ ಹೊಸ ಅನುಮತಿ ಬೇಡ ಅಂತ ನೀವು ಒಂದು ಆದೇಶ ಮಾಡಿಬಿಡಿ. ನಾನೇ ಬಂದು ಕೇಳಿದರೂ ಒಪ್ಪಬೇಡಿ.”

ತಪ್ಪು ಮಾಡಿದವನೇ ತನ್ನ ಕೈಗೆ ಕೋಳ ಹಾಕಿ ಎಂದು ಕೇಳುವುದನ್ನು ಸಾಹೇಬರು ತಮ್ಮ ಸೇವೆಯಲ್ಲಿ ಕಂಡಿರಲಿಲ್ಲ. “ನೋಡಿ, ಜವಾಬ್ದಾರಿ ಅಂದ್ರೆ ಇದು,” ಎಂದು ಉಳಿದಿಬ್ಬರತ್ತ ತಿರುಗಿ, ಆದೇಶವನ್ನು ಅಲ್ಲೇ ನಿಂತು ಹೊರಡಿಸಿದರು. ಲೆಕ್ಕದಕ್ಕನ ಮುಖ ನೋಡಿ ಬೇಲಿಯವರಿಗೆ ಗುಂಡಿ ಹಾರಿದ ಅಂಗಿಯ ದುಃಖ ಮರೆತುಹೋಯಿತು.

ರೈಲಿಗೆ ಇನ್ನೂ ಹೊತ್ತಿತ್ತು. ಬೇಲಿಯವರು ಚೀಲ ಹೆಗಲಿಗೇರಿಸಿ ಹೊರಬಾಗಿಲ ತನಕ ಬಂದಾಗ ಸಿಬ್ಬಂದಿ ವಿಭಾಗದ ಮೇಡಂ ಎದುರಾದರು.

“ಹಾಗಾದ್ರೆ ಆ ಹಳೇ ಡಿಸ್ಕು ಇವತ್ತು ಕಾಣಲ್ಲ?”

“ಇಲ್ಲ ಮೇಡಂ, ಸಾಹೇಬರ ಆದೇಶ. ಯಾರ ಕೆಲಸವೋ ಪಾಪ, ಹತ್ತು ದಿನ ಕಾಯಲಿ.”

“ಕಾಯಬೇಕು, ಇನ್ನೇನು ಮಾಡೋದು. ಹಳೇ ಹಾಜರಿ ನೋಡದೆ ರಜೆ ಎಷ್ಟು ಉಳಿದಿದೆ ಅಂತ ಗೊತ್ತಾಗಲ್ಲ. ಅದು ಗೊತ್ತಾಗದೆ ಹತ್ತು ದಿನದ ರಜೆಗೆ ಸಾಹೇಬರು ಸಹಿ ಹಾಕಲ್ಲ.”

ಬೇಲಿಯವರ ಹೆಗಲಿನಿಂದ ಚೀಲ ಮೊಣಕೈಗೆ ಜಾರಿತು. “ಯಾರ ರಜೆ ಮೇಡಂ?”

ಮೇಡಂ ಹಿಂದೆ ಮುಂದೆ ನೋಡಿದರು. “ನಾವು ಹೇಳೋ ಪದ್ಧತಿ ಇಲ್ಲ. ಆದ್ರೂ ನೀವು ಬೇರೆಯವರಲ್ಲ, ಅಂತ ಹೇಳ್ತಿದ್ದೀನಿ. ನಿಮ್ಮದು.”

ಬೇಲಿಯವರು ಎರಡೆರಡು ಮೆಟ್ಟಿಲು ಹಾರಿ ಸಾಹೇಬರ ಕೋಣೆಗೆ ಹೋದರು. ಒಂದೇ ಒಂದು ಜೋನ್, ಐದು ನಿಮಿಷದ ಕೆಲಸ, ಎಂದು ಅಂಗಲಾಚಿದರು. ಸಾಹೇಬರು ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟು, ಪ್ರೀತಿಯಿಂದಲೇ ನಕ್ಕರು.

“ಪರೀಕ್ಷೆ ಮಾಡ್ತಿದ್ದೀರಿ ಅಂತ ಗೊತ್ತಾಯ್ತು. ‘ನಾನೇ ಬಂದು ಕೇಳಿದರೂ ಒಪ್ಪಬೇಡಿ’ ಅಂದವರು ನೀವು. ಒಪ್ಪಲ್ಲ, ಹೋಗಿ.”

ಬೇಲಿಯವರು ಕೆಳಗಿಳಿದು ಬರುವಾಗ ಮೇಡಂ ಮನೆಗೆ ಹೊರಟಿದ್ದರು. ಗುಂಡಿಯಿಲ್ಲದ ಅಂಗಿಯನ್ನು ಕೈಯಿಂದ ಮುಚ್ಚಿ ಹಿಡಿದು ನಿಂತವರನ್ನು ಕಂಡು ಅವರಿಗೂ ಅಯ್ಯೋ ಅನ್ನಿಸಿತು.

“ಬೇಜಾರು ಮಾಡ್ಕೋಬೇಡಿ,” ಎಂದರು. “ಏನೂ ಕಷ್ಟ ಇಲ್ಲ. ನೀವು ರಜೆ ಮುಗಿಸಿ ಬಂದ ಕೂಡಲೇ ಆ ಡಿಸ್ಕು ತೋರಿಸಿಬಿಡಿ. ಅವತ್ತೇ ನಿಮ್ಮ ರಜೆ ಮಂಜೂರು ಮಾಡಿಸಿಕೊಡ್ತೀನಿ.”