ಪಡಸಾಲೆಯಲ್ಲಿ ನಿಂತ ಮಾಣಿಕಬಾಯಿ

ಮಾನ್ಯ ಮಾಣಿಕಬಾಯಿಯವರೇ,

ಭಾಲ್ಕಿಯ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮೂವತ್ತಾರು ವರ್ಷಗಳಿಂದ ಸಂಸಾರ ನಡೆಸುತ್ತಿರುವ, ಹತ್ತನೆಯ ತರಗತಿಯನ್ನು ಮೊದಲ ಸಲಕ್ಕೇ ಪಾಸು ಮಾಡಿದ ಸುಗಲಾಬಾಯಿ ಹಣಮಂತಪ್ಪ ಎಂಬ ನಾನು ತಮ್ಮ ನುಣುಪಾದ ಪಾದಗಳಿಗೆ ವಂದಿಸಿ ಮಾಡಿಕೊಳ್ಳುವ ವಿಜ್ಞಾಪನೆ ಏನೆಂದರೆ, ನಾವಿಲ್ಲಿ ಕ್ಷೇಮ. ತಾವು ಕ್ಷೇಮವಾಗಿರುವುದನ್ನು ದಿನವೂ ಕಣ್ಣಾರೆ ಕಾಣುತ್ತಿದ್ದೇನೆ, ಏಕೆಂದರೆ ನನ್ನ ಕುರ್ಚಿ ಇದ್ದ ಜಾಗದಲ್ಲಿಯೇ ತಾವು ನಿಂತಿದ್ದೀರಿ. ಒಂದೇ ಸೂರಿನ ಕೆಳಗಿದ್ದುಕೊಂಡು ಪತ್ರವೇಕೆ ಎಂದು ತಾವು ಕೇಳುವಂತಿಲ್ಲ, ತಮಗೆ ಬಾಯಿಲ್ಲ. ಓಣಿಯವರು ಕೇಳಬಹುದಾದ್ದರಿಂದ, ಅವರಿಗೂ ತಿಳಿಯಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಓದುವವರಿಗೆ ತಮ್ಮ ಪರಿಚಯವನ್ನು ಮೊದಲು ಮಾಡಿಕೊಡಬೇಕು. ತಾವು ಐದೂವರೆ ಅಡಿ ಎತ್ತರದ ಫೈಬರ್ ಗೊಂಬೆ. ಅರಿವೆ ಅಂಗಡಿಗಳಲ್ಲಿ ಸೀರೆ ಉಡಿಸಿ ನಿಲ್ಲಿಸುತ್ತಾರಲ್ಲ, ಆ ಕುಲದವರು. ಮುಖ ಕೋಳಿಮೊಟ್ಟೆಯಂತೆ ನುಣ್ಣಗೆ, ಕಣ್ಣು ಮೂಗುಗಳ ಗೊಡವೆ ಇಲ್ಲ. ತಮ್ಮನ್ನು ಈ ಮನೆಗೆ ತಂದವಳು ನಮ್ಮ ಮಗ ಶಿವಕಾಂತನ ಹೆಂಡತಿ, ಔರಾದದ ಕಾಜಲ. ಆಕೆ ಫ್ಯಾಷನ್ ಸ್ಟೈಲಿಸ್ಟ್. ಅಂದರೆ ಅರಿವೆ ಹೊಲಿಯುವವಳಲ್ಲ, ಮಾರುವವಳೂ ಅಲ್ಲ, ಯಾರು ಯಾವುದರ ಮೇಲೆ ಯಾವುದನ್ನು ತೊಡಬೇಕೆಂದು ಹೇಳುವವಳು. ಈ ಕೆಲಸವನ್ನು ನಾನೂ ಈ ಮನೆಯಲ್ಲಿ ಮೂವತ್ತಾರು ವರ್ಷ ಮಾಡಿದ್ದೇನೆ, ಆದರೆ ಆಗ ಅದಕ್ಕೆ ಇಂಗ್ಲಿಷ್ ಹೆಸರಿರಲಿಲ್ಲ, ಬಾಯಿ ಮಾಡುವುದು ಎನ್ನುತ್ತಿದ್ದರು.

ಬೀದರದಿಂದ ತಮ್ಮನ್ನು ಬಸ್ಸಿನಲ್ಲಿ ತಂದ ದಿನ ಕಂಡಕ್ಟರನು, "ಹೆಣ್ಣಮಕ್ಕಳಿಗಿ ಟಿಕೀಟ್ ಇಲ್ಲ, ಖರೆ ಅದರಿ ಬಾಯಿ. ಆದ್ರ ಇವರ ಆಧಾರ್ ಕಾರ್ಡ್ ತೋರಸ್ರಿ" ಎಂದು ಬಸ್ಸನ್ನೆಲ್ಲ ನಗಿಸಿದನಂತೆ. ಮನೆಗೆ ಬಂದಾಗ ಕಾಜಲ ತಮ್ಮ ಜಾತಿಯ ಹೆಸರು 'ಮ್ಯಾನಿಕ್ವಿನ್' ಎಂದಳು. ಒಂದು ಕಿವಿ ಮಾತ್ರ ಕೇಳಿಸುವ ನಮ್ಮ ಯಜಮಾನರು ಅದನ್ನು ಮಾಣಿಕಬಾಯಿ ಎಂದು ತಿಳಿದು, "ಬರ್ರಿ ಮಾಣಿಕಬಾಯಿ, ಕುಂದರ್ರಿ" ಎಂದು ಜಾಗ ಬಿಟ್ಟು ಎದ್ದು ನಿಂತರು. ನಾನು ಈ ಮನೆಗೆ ಮದುವಣಗಿತ್ತಿಯಾಗಿ ಬಂದ ದಿನವೂ ಅವರು ಎದ್ದು ನಿಂತವರಲ್ಲ. ಅಂದಿನಿಂದ ತಾವು ಮಾಣಿಕಬಾಯಿ.

ಇನ್ನು ತಮ್ಮ ನಿಮಿತ್ತ ನಮ್ಮ ಪಡಸಾಲೆಗೆ ಬಂದ ಭಾಗ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಬಾಗಿಲಿನ ಎದುರು ನನ್ನ ಕುರ್ಚಿಯಿತ್ತು. ಅಲ್ಲಿ ಕುಳಿತರೆ ಓಣಿಯಲ್ಲಿ ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದೆಲ್ಲ ತಿಳಿಯುತ್ತಿತ್ತು. ಕಾಜಲ ಬಂದು, "ಅತ್ತಿ, ಈ ಮೂಲಿಗಿ ಬೆಳಕ ಭಾಳ ಛಂದ ಬೀಳ್ತದರಿ, ಫೋಟೋಕ್ಕ ಬೇಕು" ಎಂದಳು. ಇಷ್ಟು ವರ್ಷ ಆ ಬೆಳಕು ನನ್ನ ಮೇಲೆಯೂ ಬಿದ್ದಿದೆ, ಅದು ಛಂದ ಬಿದ್ದಿದೆ ಎಂದು ಹೇಳಿದವರಿಲ್ಲ. ಆಮೇಲೆ ಗೋಡೆಗೆ ಜೋಳದ ಹಿಟ್ಟಿನ ಬಣ್ಣ ಬಂತು. ರೊಟ್ಟಿ ಬಡಿಯುವಾಗ ನೆಲಕ್ಕೆ ಚೆಲ್ಲಿದರೆ ನಾನು ಒರೆಸಿ ತೆಗೆಯುತ್ತಿದ್ದ ಬಣ್ಣ ಅದು. ಬೀಸುವ ಕಲ್ಲಿನ ಮೇಲೆ ಗಾಜು ಕುಳಿತು ಮೇಜಾಯಿತು, ನನ್ನ ಮೊರ ತಲೆಕೆಳಗಾಗಿ ತೂಗಿ ದೀಪವಾಯಿತು, ಹಿತ್ತಾಳೆ ಕೊಡದಲ್ಲಿ ನೀರಿನ ಬದಲು ಒಣಗಿದ ಜೋಳದ ದಂಟು ನಿಂತಿತು. ಪಕ್ಕದ ಮನೆಯ ಎಮ್ಮೆ ಒಂದು ದಿನ ಕಿಟಕಿಯಿಂದ ಮೂತಿ ತೂರಿಸಿ ಆ ಅಲಂಕಾರವನ್ನು ಅರ್ಧ ತಿಂದು ಹೋಯಿತು. ಆ ಎಮ್ಮೆಯನ್ನು ಬಿಟ್ಟರೆ ಅದನ್ನು ಮನಸಾರೆ ಮೆಚ್ಚಿಕೊಂಡವರು ನಮ್ಮ ಓಣಿಯಲ್ಲಿ ಇನ್ನೊಬ್ಬರಿಲ್ಲ.

ತಮ್ಮ ಉಡುಗೆಯ ವೈಭವವನ್ನಂತೂ ನಾನು ಹೇಗೆ ವರ್ಣಿಸಲಿ. ಬೆಳಿಗ್ಗೆ ಇಳಕಲ್ ಸೀರೆ, ಮಧ್ಯಾಹ್ನ ಅದರ ಮೇಲೆ ನಮ್ಮ ಯಜಮಾನರ ಬಿಳಿ ಜುಬ್ಬಾ, ಸಂಜೆ ನನ್ನ ಹಳೆಯ ಕೌದಿಯನ್ನು ಕತ್ತರಿಸಿ ಮಾಡಿದ ಕೋಟು. ನಮ್ಮ ಓಣಿಯ ದರ್ಜಿ ಮುನವ್ವರ ಬೇಗಂ ತಮಗೆ ರವಿಕೆ ಹೊಲಿಯಲು ಅಳತೆ ತೆಗೆದುಕೊಂಡವರೇ, "ಯಾ ಅಲ್ಲಾ, ಇಂಥಾ ಗಿರಾಕಿ ಜಿಂದಗಿನಾಗ ಸಿಕ್ಕಿರಲಿಲ್ಲರಿ ಸುಗಲಾಬಾಯಿ. ಹಬ್ಬಕ್ಕ ಅಳತಿ ಕೊಟ್ರ ಮುಂದಿನ ಹಬ್ಬಕ್ಕೂ ಅದೇ ಅಳತಿ. ನಿಮ್ಮ ಬ್ಲೌಸ್ ನಾಕ ಸಲ ಬಿಚ್ಚಿ ಸಡ್ಲ ಮಾಡೀನಿ, ನೆನಪ ಅದ ಇಲ್ಲ" ಎಂದರು. ಇಪ್ಪತ್ತು ವರ್ಷದ ಸ್ನೇಹದಲ್ಲಿ ಅವರು ಆಡಿರದ ಮಾತು ತಮ್ಮ ಸೊಂಟವನ್ನು ಕಂಡ ಕೂಡಲೇ ಹೊರಬಿತ್ತು.

ಇಷ್ಟಾದ ಮೇಲೆ ನಾನು ಮಾಡಿದ್ದನ್ನೂ ಮುಚ್ಚಿಡುವುದಿಲ್ಲ. ಶ್ರಾವಣದ ಮೂರನೆಯ ಶುಕ್ರವಾರ ನಮ್ಮಲ್ಲಿ ಅರಿಷಿಣ ಕುಂಕುಮ ಇತ್ತು. ಆ ದಿನ ಸಂಜೆಯೊಳಗೆ ಗೊಂಬೆ ಪಡಸಾಲೆಯನ್ನು ಬಿಡತಕ್ಕದ್ದೆಂದು ಕಾಜಲಳಿಗೆ ಹೇಳಿದೆ. ಮರುದಿನ ಶನಿವಾರ ಔರಾದದ ಒಂದು ಮದುವೆ ಮನೆಯ ಹಿರಿಯ ಹೆಂಗಸರು ಬರುವವರಿದ್ದರು. ತಮ್ಮ ಮೈಮೇಲೆ ಉಡಿಸಿದ್ದನ್ನು ನೋಡಿ ಮನಸ್ಸಿಗೆ ಬಂದರೆ ಮದುಮಗಳಿಂದ ಹಿಡಿದು ಹದಿನೇಳು ಹೆಣ್ಣುಮಕ್ಕಳ ಶೃಂಗಾರವನ್ನು ಕಾಜಲಳಿಗೇ ಒಪ್ಪಿಸುವವರು. ಅದು ಆಕೆಗೆ ಒದಗಿದ ಮೊದಲ ದೊಡ್ಡ ಕೆಲಸ ಎಂಬುದೂ, ಆ ಮೂಲೆ ತಪ್ಪಿದರೆ ಕೆಲಸವೂ ತಪ್ಪುತ್ತದೆಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಆಕೆ ಎದುರು ಮಾತಾಡಲಿಲ್ಲ. ತಮ್ಮನ್ನು ಬೀದರಕ್ಕೆ ಸಾಗಿಸಲು ಐದು ಗಂಟೆಗೆ ಟೆಂಪೋ ಹೇಳಿದಳು, ಅಷ್ಟೆ. ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡ ಉದಾಹರಣೆ ನಮ್ಮ ಮನೆತನದಲ್ಲಿ ಇಲ್ಲ.

ಆ ಶುಕ್ರವಾರ ಚಿಂತಾಕಿಯಿಂದ ನಮ್ಮ ಯಜಮಾನರ ಅಕ್ಕ ಸಖುಬಾಯಿ ಬಂದರು. ಎಪ್ಪತ್ತೆಂಟು ವರ್ಷ. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದರದು ಬಾಕಿ. ಶಿವಕಾಂತನ ಮದುವೆಯ ಹೊತ್ತಿಗೆ ಕಾಲು ಮುರಿದುಕೊಂಡು ಊರಲ್ಲೇ ಮಲಗಿದ್ದರಿಂದ ಎರಡು ವರ್ಷವಾದರೂ ಕಾಜಲಳ ಮುಖ ನೋಡಿರಲಿಲ್ಲ. ಹಿರಿಯಳು ಹೊಸ ಸೊಸೆಯನ್ನು ಮೊದಲ ಸಲ ನೋಡುವಾಗ ಬರಿಗೈಯಲ್ಲಿ ನೋಡಬಾರದು, ಉಡಿ ತುಂಬಬೇಕು ಎಂಬುದು ನಮ್ಮ ಪದ್ಧತಿ. ಅದಕ್ಕಾಗಿ ಖಣ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಎಲ್ಲವನ್ನೂ ಚೀಲದಲ್ಲಿ ಕಟ್ಟಿಕೊಂಡೇ ಬಂದಿದ್ದರು. ಬಾಗಿಲು ದಾಟಿದವರಿಗೆ ಎದುರಿಗೆ ಕಂಡವರು ತಾವು: ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಮುಖ ಮುಚ್ಚುವಷ್ಟು ಸೆರಗು, ಹೊಟ್ಟೆಯ ಮುಂದೆ ಮಡಚಿದ ಎರಡು ಕೈ. ಕಾಜಲ ಆಗ ಪ್ಯಾಂಟು ಅಂಗಿ ತೊಟ್ಟು, ಕೂದಲನ್ನು ಟೊಪ್ಪಿಗೆಯೊಳಗೆ ತುರುಕಿಕೊಂಡು, ಕ್ಯಾಮೆರಾ ಹಿಡಿದು ನಿಂತಿದ್ದಳು.

"ಏ ಫೋಟೋದಾಂವ, ಒಂದ ಕಡಿ ಸರಿ" ಎಂದು ಆಕೆಯನ್ನು ಬದಿಗೆ ತಳ್ಳಿದ ಸಖುಬಾಯಿ ತಮ್ಮ ಮುಂದೆ ನಿಂತು, "ಸೊಸಿ ಹೆಸರ ಏನೋ ಹಣಮಂತಾ" ಎಂದು ಕೇಳಿದರು. ನಮ್ಮ ಯಜಮಾನರು ಕೇಳಿಸುವ ಕಿವಿಯಲ್ಲಿ ಕೇಳಿಸಿದಷ್ಟು ಕೇಳಿಸಿಕೊಂಡು, "ಮಾಣಿಕಬಾಯಿ, ಅಕ್ಕಾ" ಎಂದರು. ಸಖುಬಾಯಿ ಸೆರಗಿನೊಳಗೆ ಕೈ ಹಾಕಿ ತಮ್ಮ ಹಣೆಗೆ ಕುಂಕುಮ ಹಚ್ಚಿದರು, ಸೆರಗಿನ ತುದಿ ಹಿಡಿದು ಉಡಿ ತುಂಬಿದರು, ಕೊನೆಗೆ ತಮ್ಮ ನಿರಿಗೆಯ ಮೇಲೆ ಮೇಲಿಂದ ಕೆಳಗೆ ಕೈಯಾಡಿಸಿ, "ಸುಗಲಾ, ಈಗಿನ ಹುಡಿಗ್ಯಾರಿಗಿ ನಿರಗಿ ಎಲ್ಲಿ ಬರ್ತಾವ ಅಂತಿದ್ದೆ. ನಮ್ಮವ್ವ ಹಾಕಿದಂಗ ಅದಾವ ನೋಡು. ಮತ್ತ ಎಂಥಾ ಮರ್ಯಾದಿ ಹುಡುಗಿ, ಒಂದ ಮಾತ ಆಡಲಿಲ್ಲ" ಎಂದರು.

ಪಡಸಾಲೆಯಲ್ಲಿ ಹದಿನೈದು ಹೆಂಗಸರಿದ್ದರು. ಮುನವ್ವರ ಬೇಗಂ ಆಗಲೇ ಓಢಣಿಯನ್ನು ಬಾಯಿಗೆ ತುರುಕಿಕೊಂಡಿದ್ದರು. ಇದು ಗೊಂಬೆ ಎಂದು ನಾನೊಂದು ಮಾತು ಹೇಳಿದ್ದರೆ ಆ ಹಿರಿಯಳನ್ನು ಕಂಡು ಊರೆಲ್ಲ ನಗುವ ಹಾಗಾಗುತ್ತಿತ್ತು. ಅವರು ಹಿಂತಿರುಗಿ ನನ್ನನ್ನು, "ನಿನ್ನ ಸೊಸಿ ಅಲ್ಲೇನು" ಎಂದು ಕೇಳಿದಾಗ ನಾನು ಎಲ್ಲರಿಗೂ ಕೇಳುವಂತೆ, "ಹೌದ ಅಕ್ಕಾ. ನನ್ನ ಸೊಸಿನೇ" ಎಂದೆ.

ಮಾನ್ಯರೇ, ನನ್ನ ನಿಜವಾದ ತಕರಾರು ಇಲ್ಲಿಂದ ಶುರುವಾಗುತ್ತದೆ. ಎರಡು ವರ್ಷದಲ್ಲಿ ನಾನು ಕಾಜಲಳನ್ನು ಶಿವಕಾಂತನ ಹೆಂಡತಿ ಎಂದಿದ್ದೇನೆ, ಔರಾದದಾಕಿ ಎಂದಿದ್ದೇನೆ, ಏ ಇಕಿನೇ ಎಂದಿದ್ದೇನೆ. ನನ್ನ ಸೊಸೆ ಎಂಬ ಮಾತು ಮೊದಲ ಸಲ ನನ್ನ ಬಾಯಿಂದ ಬಂದದ್ದು ತಮ್ಮನ್ನು ತೋರಿಸಿ. ಕಾಜಲ ಗೋಡೆಯ ಕಡೆ ತಿರುಗಿದಳು, ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಹತ್ತಿರ ಹೋಗಿ ನೋಡಿದರೆ, ಕ್ಯಾಮೆರಾದ ಪಟ್ಟಿ ಕಚ್ಚಿಕೊಂಡು ನಗುತ್ತಿದ್ದಳು. ಅದನ್ನು ಕಂಡು ನನಗೂ ತಡೆಯಲಾಗಲಿಲ್ಲ. ಅಡುಗೆಮನೆಗೆ ಓಡಿ ಅಕ್ಕಿ ಡಬ್ಬಿಯ ಪಕ್ಕ ಕುಳಿತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಆಕೆಯೂ ಬಂದು ಎದುರಿಗೆ ಕುಳಿತಳು. ಒಬ್ಬರು ಸುಮ್ಮನಾದರೆ ಇನ್ನೊಬ್ಬರು "ಮರ್ಯಾದಿ ಹುಡುಗಿ" ಎನ್ನುವುದು, ಮತ್ತೆ ಮೊದಲಿನಿಂದ ನಗುವುದು.

ಐದು ಗಂಟೆಗೆ ಟೆಂಪೋ ಬಂತು. ಸಖುಬಾಯಿ ಒಳಗೆ ಹುಗ್ಗಿ ಉಣ್ಣುತ್ತಿದ್ದರು. ಕಾಜಲ ನನ್ನ ಬಳಿ ಬಂದು, ಕೈಕಟ್ಟಿ ನಿಂತು, ಬಹಳ ವಿನಯದಿಂದ, "ಅತ್ತಿ, ಟೆಂಪೋದಾಂವ ಕಾಯಲತಾನರಿ. ನಿಮ್ಮ ಸೊಸಿಗಿ ಹೊರಗ ಹಾಕ್ಲೇನ್ರಿ" ಎಂದು ಕೇಳಿದಳು. ನಾನು ಆಕೆಯ ಮುಖ ನೋಡಿದೆ, ತಮ್ಮನ್ನು ನೋಡಿದೆ, ತಮ್ಮ ಉಡಿಯಲ್ಲಿದ್ದ ಅಕ್ಕಿಯನ್ನು ನೋಡಿದೆ. "ಸಂಜಿ ಹೊತ್ತಿನ್ಯಾಗ ಉಡಿ ತುಂಬಿದಾಕಿಗಿ ಹೊರಗ ಹಾಕೋ ಮಂದಿ ಅಲ್ಲ ನಾವು. ಗಾಡಿ ತಿರುಗಸು ಅಂತ ಹೇಳು" ಎಂದೆ. ಇದು ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದಲ್ಲ, ಮೊದಲ ಮಾತಿಗಿಂತ ದೊಡ್ಡ ಮಾತು ಬಂದದ್ದು. ಇದನ್ನು ಓಣಿಯವರು ಗಮನಿಸಬೇಕು.

ಶನಿವಾರ ಔರಾದದವರು ಬಂದಾಗ ತಮ್ಮ ನಿರಿಗೆಗಳನ್ನು ಒಂದೊಂದಾಗಿ ತೋರಿಸಿದವಳು ನಾನು. ಸಖುಬಾಯಿಯವರ ಕಣ್ಣು ಮಂಜಾಗಿರಬಹುದು, ಆದರೆ ಅರವತ್ತು ವರ್ಷ ಸೀರೆ ಉಟ್ಟ ಕೈ ಮೋಸ ಹೋಗುವುದಿಲ್ಲ. ಫೈಬರಿನ ತುಂಡಿಗೆ ಉಡಿಸಿದ್ದನ್ನು ಆ ಕೈ ಜೀವಂತ ಹೆಣ್ಣುಮಗಳೆಂದು ತಿಳಿಯಿತೆಂದರೆ ಉಡಿಸಿದ ಬೆರಳುಗಳಲ್ಲಿ ಏನೋ ಇರಬೇಕೆಂದು ಹಿಂದಿನ ರಾತ್ರಿ ಮಲಗಿದಾಗ ನನಗೆ ಹೊಳೆದಿತ್ತು. ಔರಾದದವರು ಹದಿನೇಳು ಜನರ ಜೊತೆಗೆ ಮದುಮಗನ ಅಜ್ಜಿಯನ್ನೂ ಸೇರಿಸಿ ಕೆಲಸ ಒಪ್ಪಿಸಿ ಹೋದರು.

ಆದ್ದರಿಂದ ಈಗ ಮನೆಯವರೇ ಆಗಿರುವ ತಮ್ಮಲ್ಲಿ ಕೆಲವು ಬೇಡಿಕೆಗಳಿವೆ. ನಮ್ಮ ಯಜಮಾನರು ದಿನವೂ ನಮಸ್ಕರಿಸುವಾಗ ತಾವು ಒಮ್ಮೆಯಾದರೂ ತಲೆಯಾಡಿಸಬೇಕು. ಸೋಮವಾರಕ್ಕೊಮ್ಮೆ ತೊಗರಿಬೇಳೆಯ ಹರಳು ಆರಿಸಬೇಕು. ವರ್ಷಕ್ಕೆ ಎರಡು ಇಂಚಾದರೂ ದಪ್ಪಗಾಗಬೇಕು, ಮುನವ್ವರ ಬೇಗಂ ಅವರ ಎದುರಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ತಮಗೆ ಕಣ್ಣಿಲ್ಲವಾದ್ದರಿಂದ ಈ ಪತ್ರವನ್ನು ತಮಗೆ ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕಾಗುತ್ತದೆ. ಆ ಕೆಲಸವನ್ನು ನನ್ನ ಸೊಸೆ ಕಾಜಲಳಿಗೆ ಒಪ್ಪಿಸಿದ್ದೇನೆ. ಓದುವಾಗ ಆಕೆಯ ಕಿವಿಗೂ ಒಂದೆರಡು ಮಾತು ಬಿದ್ದರೆ ಅದಕ್ಕೆ ನಾನು ಹೊಣೆಯಲ್ಲ. ನಾನು ಬರೆದದ್ದು ತಮಗೆ.

ಒಂದೇ ಒಲೆಯ ಹೊಗೆ ಕುಡಿಯುವ ತಮ್ಮ ವಿಶ್ವಾಸಿ ಹಾಗೂ, ಊರವರ ಲೆಕ್ಕದಲ್ಲಿ, ತಮ್ಮ ಅತ್ತೆ,
ಸುಗಲಾಬಾಯಿ ಹಣಮಂತಪ್ಪ
ಭಾಲ್ಕಿ

ತಾ.ಕ.: ಎಂದೂ ಎದುರು ಮಾತಾಡದ ಸೊಸೆಯೊಬ್ಬಳು ಭಾಲ್ಕಿಯಲ್ಲಿದ್ದಾಳೆಂದು ಸಖುಬಾಯಿ ಚಿಂತಾಕಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ನಾಡಿದ್ದು ಆ ಊರಿನ ಹನ್ನೊಂದು ಜನ ಅತ್ತೆಯರು ತಮ್ಮ ತಮ್ಮ ಸೊಸೆಯರನ್ನು ಕರೆದುಕೊಂಡು, ಮಾಣಿಕಬಾಯಿಯವರನ್ನು ನೋಡಿ ಕಲಿಯಲಿ ಎಂದು ಜೀಪು ಮಾಡಿಕೊಂಡು ಬರುತ್ತಿದ್ದಾರೆ. ಇಪ್ಪತ್ತೆರಡು ಕಪ್ ಚಹಾ ತಾವೇ ಮಾಡತಕ್ಕದ್ದು.